ಯುಗಾದಿಯೊಳಗೆ ಬಿಚ್ಚಬೇಕಿದ್ದ ಹೆಡ್ಡು

ಆ ವರ್ಷ ತಮ್ಮನ ಮೇಲೆ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನಪಟ್ಟಿದ್ದೂ ಇಲ್ಲ.

ಬಸವೇಶ್ವರನಗರದ ಮನೆ ನಮ್ಮಿಬ್ಬರದು. ಕೆಳಗೆ ನಾನು, ಮೇಲೆ ಅವನ ಸಂಸಾರ, ಪಕ್ಕದ ಶೆಡ್ಡಿನಲ್ಲಿ ಅಪ್ಪನ ಕಾಲದ ಕಾರು. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದಷ್ಟು ವರ್ಷವೂ ನಾನು ಡ್ಯೂಟಿಗೆ ಹೋದದ್ದು ಅದರಲ್ಲೇ. ಒಂದು ಬೆಳಿಗ್ಗೆ ವಿಜಯನಗರದ ಮಾರ್ಕೆಟ್ ಹತ್ತಿರ ಎಂಜಿನ್ ಕಾದು ನಿಂತುಹೋಯಿತು, ಕಾರನ್ನು ಎಳೆಸಿಕೊಂಡು ಮನೆಗೆ ತಂದೆ. ಮೂಡಲಪಾಳ್ಯದ ಮೆಕ್ಯಾನಿಕ್, ನನ್ನದೇ ವಯಸ್ಸಿನವರು, ಬಂದು ನೋಡಿ, ಒಳಗಿನ ಗ್ಯಾಸ್ಕೆಟ್ ಹೋಗಿದೆ, ಹೆಡ್ಡು ಬಿಚ್ಚಬೇಕು ಎಂದರು. ತಮ್ಮ ಕಾದಿದ್ದವನ ಹಾಗೆ ಕೆಳಗಿಳಿದು ಬಂದ. ಶೆಡ್ಡನ್ನು ಒಂದು ಪೋರ್ಷನ್ ಮಾಡಿ ಬಾಡಿಗೆಗೆ ಕೊಡುವ ಆಸೆ ಅವನಿಗೆ ಬಹಳ ದಿನದಿಂದ ಇತ್ತು.

"ಯುಗಾದಿ ಒಳಗೆ ಇದು ತಾನಾಗಿ ಓಡಿದ್ರೆ ಇಲ್ಲೇ ಇರ್ಲಿ ಅಕ್ಕ. ಇಲ್ದಿದ್ರೆ ಶೆಡ್ ಖಾಲಿ ಮಾಡ್ಬೇಕು."

"ಆಯ್ತು," ಎಂದೆ. ಯುಗಾದಿಗೆ ಇನ್ನೂ ಹನ್ನೆರಡು ದಿನ ಇತ್ತು.

ಹೆಡ್ಡು ಎಂದರೆ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂತಿರುವ ಅಲ್ಯುಮಿನಿಯಂ ಗಟ್ಟಿ. ಕೆಳಗಿನ ಬ್ಲಾಕಿನಿಂದ ಎದ್ದ ಉಕ್ಕಿನ ಸ್ಟಡ್ಡುಗಳು ಅದರ ತೂತುಗಳಲ್ಲಿ ಹಾದು ಬರುತ್ತವೆ, ಮೇಲೆ ನಟ್ಟು. ನಟ್ಟುಗಳೆಲ್ಲ ಸಲೀಸಾಗಿ ಬಂದವು. ಬಿಚ್ಚಿದ ಕ್ರಮದಲ್ಲೇ ಅವನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಹೆಡ್ಡು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಸ್ಟಡ್ಡುಗಳ ಸುತ್ತ ತುಕ್ಕು ಬೆಳೆದು ಕಚ್ಚಿಕೊಂಡಿತ್ತು.

"ಸಂದಿಗೆ ಚಾಣ ಇಟ್ಟು ಒಂದೇ ಏಟು ಮೇಡಂ, ಎದ್ದು ಬರತ್ತೆ," ಎಂದರು ಮೆಕ್ಯಾನಿಕ್.

"ಒಡೆದ್ರೆ?"

"ಒಡೆದ್ರೆ ಬೇರೆ ಹೆಡ್ ಸಿಗಲ್ಲ. ಗಾಡಿ ಕಥೆ ಮುಗೀತು."

"ಹಾಗಾದ್ರೆ ಚಾಣ ಮುಟ್ಟಿದ ದಿನ ನೀವು ಬೆರಳು ಎಣಿಸ್ಕೊಂಡು ಮನೆಗೆ ಹೋಗ್ಬೇಕಾಗತ್ತೆ."

ನಾನು ನನ್ನ ಕ್ರಮ ಹಿಡಿದೆ. ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ, ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಪ್ರತಿ ಸ್ಟಡ್ಡಿನ ಬುಡಕ್ಕೆ ಹತ್ತು ಹನಿ. ಆಮೇಲೆ ಮರದ ಕೊಡತಿಯಿಂದ ಹೆಡ್ಡಿನ ನಾಲ್ಕೂ ಬದಿಗೆ ಇಪ್ಪತ್ತಿಪ್ಪತ್ತು ಸಣ್ಣ ಏಟು. ತಮ್ಮ ಮೇಲಿನಿಂದ ಬಗ್ಗಿ ನೋಡಿ, "ಏನಕ್ಕಾ, ಮಗೂಗೆ ಎಣ್ಣೆ ತಿಕ್ಕಿದ್ದಾಯ್ತಾ? ಸಾಂಬ್ರಾಣಿ ಹೊಗೇನೂ ಹಾಕ್ಬಿಡು!" ಎನ್ನುತ್ತಿದ್ದ. ನಾನು ಹನಿ ಎಣಿಸುತ್ತಲೇ ಇರುತ್ತಿದ್ದೆ.

ಏಳನೆಯ ದಿನ ಹಾಲು ತರಲು ಹೋಗಿ ತಿರುಗಿ ಬರುವಾಗ ಗೇಟಿನಲ್ಲೇ ಕಬ್ಬಿಣದ ಸದ್ದು ಕೇಳಿಸಿತು. ಮೆಕ್ಯಾನಿಕ್ ಹೆಡ್ಡಿನ ಸಂದಿಗೆ ಚಾಣ ಇಟ್ಟು ಸುತ್ತಿಗೆ ಎತ್ತಿದ್ದರು. ಪಕ್ಕದಲ್ಲಿ ತಮ್ಮ, ಕೈಕಟ್ಟಿಕೊಂಡು.

"ನಿಲ್ಸಿ!"

ಹಾಲಿನ ಪ್ಯಾಕೆಟ್ಟು ಕೈಯಿಂದ ಜಾರಿ ಒಡೆಯಿತು. ಹೆಡ್ಡಿನ ಅಂಚಿನಲ್ಲಿ ಉಗುರಿನುದ್ದದ ಗಾಯವಾಗಿತ್ತು.

"ನಾನೇ ಹೊಡೀರಿ ಅಂದೆ," ಎಂದ ತಮ್ಮ. "ಇನ್ನೆಷ್ಟು ದಿನ ಈ ಮಾಲೀಶು?"

"ಹೊಟ್ಟೆ ಕುಯ್ದು ಮಲಗಿಸಿರೋ ಪೇಷೆಂಟಿಗೆ ಬೀದೀಲಿ ಹೋಗೋನು ಬಂದು ಕತ್ತರಿ ಹಾಕ್ತಾನೇನೋ? ಹೋಗ್ರಿ, ಇಬ್ರೂ ಹೊರಗೆ ಹೋಗ್ರಿ!"

ಬೀದಿಯವರು ಬಾಗಿಲಿಗೆ ಬಂದು ನಿಂತರು. ನಾನು ದನಿ ತಗ್ಗಿಸಲಿಲ್ಲ.

ಮರುದಿನ ಮೆಕ್ಯಾನಿಕ್ ಒಬ್ಬರೇ ಬಂದರು. ಕೈಯಲ್ಲಿ ಒಂದು ಸುರುಳಿ ಹತ್ತಿಯ ಹಗ್ಗ. ಮುಖ ಎತ್ತದೆ ಹೇಳಿದರು: "ನಮ್ಮ ಉಸ್ತಾದ್ ಹೀಗೆ ಎಬ್ಬಿಸ್ತಿದ್ರು ಮೇಡಂ. ನಿಮ್ಮ ಎಣ್ಣೆ ಇಳಿದಿದ್ರೆ ಬರತ್ತೆ."

ಪಿಸ್ಟನ್ ಕೆಳಗಿಳಿದಿರುವಾಗ ಪ್ಲಗ್ಗಿನ ತೂತಿನೊಳಗೆ ಹಗ್ಗ ತುಂಬಬೇಕು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದರೆ ಪಿಸ್ಟನ್ ಮೇಲೇರಿ, ಹಗ್ಗವನ್ನು ಒತ್ತಿ, ಹೆಡ್ಡನ್ನು ಒಳಗಿನಿಂದಲೇ ಎತ್ತುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ. ಇಷ್ಟು ಗೊತ್ತಿದ್ದವರು ಚಾಣ ಎತ್ತಿದ್ದರಲ್ಲ ಎಂದು ನನಗೆ ಮತ್ತೆ ಉರಿಯಿತು. ಆದರೂ ಹಗ್ಗ ತುಂಬಿದೆ. ಅವರು ಹ್ಯಾಂಡಲ್ ಒತ್ತಿದರು. ಹಗ್ಗ ಕಿರುಗುಟ್ಟಿತು. ಎರಡು ಸಲ ಸುಮ್ಮನಾಯಿತು, ಮೂರನೆಯ ಸಲಕ್ಕೆ ಒಣಕಟ್ಟಿಗೆ ಮುರಿದಂತೆ 'ಟಕ್' ಎಂದು ಹೆಡ್ಡು ಎದ್ದಿತು. ಇಬ್ಬರೂ ಎರಡೆರಡು ಕೈ ಕೊಟ್ಟು ಎತ್ತಿ ಮಗುಚಿ ಇಟ್ಟೆವು.

ನೀರು ಹರಿಯುವ ದಾರಿಗಳಲ್ಲಿ ಬಿಳಿಯ ಸುಣ್ಣ ಕಲ್ಲಿನಂತೆ ಕಟ್ಟಿತ್ತು. ಮೂರನೆಯ ಸ್ಟಡ್ಡಿನ ಪಕ್ಕ ಲೋಹ ಸವೆದು ತೂತು ಬಿದ್ದಿತ್ತು, ಕಿರುಬೆರಳು ಹೋಗುವಷ್ಟು. ತಮ್ಮ ಆಗತಾನೇ ಇಳಿದು ಬಂದಿದ್ದ.

"ನೋಡೋ ನಿನ್ನ ಚಾಣದ ಕೆಲಸ!" ಎಂದು ಕೂಗಿದೆ.

"ಅದಲ್ಲ ಮೇಡಂ," ಎಂದರು ಮೆಕ್ಯಾನಿಕ್. "ಏಟು ಬಿದ್ದಿರೋದು ಅಂಚಲ್ಲಿ, ತೇಯ್ಸಿದ್ರೆ ಹೋಗತ್ತೆ. ಇದು ನೀರು ತಿಂದಿರೋದು. ರೇಡಿಯೇಟರ್‌ಗೆ ಯಾವ ನೀರು ಹಾಕ್ತಿದ್ರಿ?"

ನಾನು ಬಗ್ಗಿ ಆ ತೂತಿಗೆ ಬೆರಳಿಟ್ಟು ನೋಡಿದೆ. ತಮ್ಮ ಹೇಳಿದ: "ಬೋರ್ ನೀರು."

ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಕುಡಿಯಲು, ಅಡುಗೆಗೆ ಕಾವೇರಿ. ಬಟ್ಟೆಗೆ, ಗಿಡಕ್ಕೆ, ಕಾರಿಗೆ ಬೋರು. ಆ ನಿಯಮ ಮಾಡಿದವಳು ನಾನು. ಪ್ರತಿ ಭಾನುವಾರ ಬೆಳಿಗ್ಗೆ ರೇಡಿಯೇಟರಿನ ಮುಚ್ಚಳ ತೆಗೆದು ಅಳತೆಯ ಮಗ್ಗಿನಲ್ಲಿ ಹಾಕಿದವಳೂ ನಾನೇ. ಬೇರೆ ಯಾರೂ ಆ ಮುಚ್ಚಳ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಅದೇ ನೀರು ಬಚ್ಚಲಿನ ಬಕೆಟ್ಟಿಗೆ ಬಿಳಿ ಕರೆ ಹಿಡಿಸುತ್ತಿತ್ತು, ವಾರವಾರವೂ ನಿಂಬೆಸಿಪ್ಪೆ ಹಾಕಿ ತಿಕ್ಕುತ್ತಿದ್ದೆ. ಬಕೆಟ್ಟಿಗೆ ಆಗುವುದು ಎಂಜಿನ್ನಿಗೂ ಆಗುತ್ತದೆ ಎಂದು ಒಂದು ದಿನವೂ ಹೊಳೆಯಲಿಲ್ಲ.

"ಬೆಸುಗೆ ಹಾಕ್ಸಿ, ಮಟ್ಟ ತೇಯ್ಸಿ ಕೂರಿಸ್ಬೋದು," ಎಂದರು ಮೆಕ್ಯಾನಿಕ್. "ಎಂಟು ದಿನ ಬೇಕು."

"ನಾಲ್ಕು ದಿನ ಇದೆ," ಎಂದ ತಮ್ಮ.

"ಎಂಟು ದಿನ ಕಣೋ. ನಾಲ್ಕೇ ದಿನ ಜಾಸ್ತಿ."

"ನಾನು ಸ್ಕೂಲಿಂದ ಐದು ನಿಮಿಷ ಲೇಟಾಗಿ ಬಂದಾಗ ನೀನು ಎಷ್ಟು ಸಲ ಬಾಗಿಲು ತೆಗೆದಿದ್ದೀಯ ಹೇಳು. ಮಾತು ಅಂದ್ರೆ ಮಾತು ಅಕ್ಕ."

ಒಂದು ಸಲವೂ ತೆಗೆದಿರಲಿಲ್ಲ. ತೆಗೆದಿದ್ದರೆ ಕೋಪ ಅಷ್ಟು ಬರುತ್ತಿರಲಿಲ್ಲ. ಮೆಕ್ಯಾನಿಕ್ಕಿಗೆ, "ನಿನ್ನೆ ಅಂದಿದ್ದು ತಪ್ಪಾಯ್ತು. ಚಾಣದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ," ಎಂದೆ. ಅವರು ನಕ್ಕುಬಿಟ್ಟರು. "ನಮ್ಮ ವರ್ಕ್‌ಶಾಪಲ್ಲಿ ಹೊಂಗೆಮರದ ಕೆಳಗೆ ಜಾಗ ಇದೆ ಮೇಡಂ. ರಿಪೇರಿ ಆಗೋವರೆಗೂ ಅಲ್ಲೇ ಇರ್ಲಿ, ಆಮೇಲೂ ಇರ್ಲಿ."

ಯುಗಾದಿಯ ಹಿಂದಿನ ದಿನ ಅವರು ಕಾರು ಎಳೆದೊಯ್ಯಲು ಟೆಂಪೊ ತಂದರು. ಹೆಡ್ಡಿಲ್ಲದ ಕಾರನ್ನು ಶೆಡ್ಡಿನಿಂದ ರಸ್ತೆಗೆ ತಳ್ಳಬೇಕಿತ್ತು. ಅವರು ಸ್ಟೀರಿಂಗ್ ಹಿಡಿದರು, ನಾನು ಹಿಂದೆ ನಿಂತು ತಳ್ಳಿದೆ. ಹೊಸ್ತಿಲಿನ ದಿಣ್ಣೆಯಲ್ಲಿ ಚಕ್ರ ನಿಂತುಹೋಯಿತು. ತಮ್ಮ ಬಂದು ನನ್ನ ಕೈಯ ಪಕ್ಕ ಕೈ ಇಟ್ಟ.

"ಕೈ ತೆಗಿ," ಎಂದೆ.

ತೆಗೆದ. ನಾನು ಹೆಗಲು ಕೊಟ್ಟು ಮೂರು ಸಲ ನೂಕಿದೆ. ಕಾರು ದಿಣ್ಣೆ ದಾಟಿ ರಸ್ತೆಗಿಳಿಯಿತು.