ಎಡಗಡೆ ಸ್ಟೀರಿಂಗಿನ ಅತ್ತೆ

ನಮ್ಮ ಸೋದರತ್ತೆಯ ಸೊಂಟದಲ್ಲಿ ಎಲೆಅಡಿಕೆ ಸಂಚಿಯ ಪಕ್ಕ ಸದಾ ಒಂದು ಸ್ಪ್ಯಾನರ್ ಸಿಕ್ಕಿಸಿರುತ್ತಿತ್ತು. ಮಾತಿಗೆ ನಿಂತರೆ ಅದರಲ್ಲೇ ಬೆನ್ನು ತುರಿಸಿಕೊಳ್ಳುತ್ತಿದ್ದರು.

ಗೌನಿಪಲ್ಲಿ ಹತ್ತಿರದ ಗುಡ್ಡದ ಮೇಲೆ ಅವರ ಮಾವಿನ ತೋಟ. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯಕ್ಕೆಂದು ಮಾಡಿದ್ದ ಜೀಪೊಂದನ್ನು ಮಾವ ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದರು. ಅತ್ತೆಗೆ ಓಡಿಸೋದನ್ನೂ ಕಲಿಸಿದ್ದರು. ಫಸಲೆಲ್ಲ ಅದರಲ್ಲೇ ಇಳಿಯುತ್ತಿತ್ತು. ಮಾವ ತೀರಿಕೊಂಡ ಮೇಲೆ ಜೀಪು ಕೊಟ್ಟಿಗೆ ಸೇರಿತು, ಇಂಜಿನ್ ಜಾಮ್ ಆಯಿತು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಬೇರೆ ಯಾವ ಗಾಡಿಯೂ ಆ ದಾರಿ ಹತ್ತುತ್ತಿರಲಿಲ್ಲ. ಇದು ಗೊತ್ತಿದ್ದ ಮಾವಿನ ವ್ಯಾಪಾರದ ಸಾವುಕಾರನೊಬ್ಬ ಮರದ ಮೇಲಿನ ಕಾಯಿಯನ್ನೇ ಅರ್ಧ ಬೆಲೆಗೆ ಕೇಳಿದ. "ತಲೆ ಮೇಲೆ ಹೊರಿಸಿ ಎಷ್ಟಂತ ಇಳಿಸ್ತೀರಮ್ಮ? ನಾನಲ್ದೆ ಇಲ್ಲಿಗೆ ಇನ್ಯಾರು ಬರ್ತಾರೆ?"

ಅತ್ತೆ ನನಗೆ ಹೇಳಿಕಳಿಸಿದರು. ಕೋಲಾರದಲ್ಲಿ ಆಗ ನಂದು ಗುಜರಿ ಅಂಗಡಿ. ಜೀಪನ್ನು ಸುತ್ತಿ ನೋಡಿ, ತಟ್ಟಿ, "ಬಿಚ್ಚಿ ಬಿಡಿಬಿಡಿಯಾಗಿ ಮಾರೋಣ ಅತ್ತೆ, ಒಳ್ಳೆ ಕಾಸು ಬರುತ್ತೆ" ಅಂದೆ.

"ಒರೇ, ನಿನ್ನ ಕರೆಸಿದ್ದು ಹೆಣ ಹೊರೋಕಲ್ಲ ಕಣೋ, ಎಬ್ಬಿಸೋಕೆ."

ಜಾಮ್ ಬಿಡಲೆಂದು ಅತ್ತೆ ಇಂಜಿನ್ನಿನ ಪ್ಲಗ್ ಬಿಚ್ಚಿ, ದಿನಾ ಬೆಳಗ್ಗೆ ಆ ತೂತುಗಳಿಗೆ ಹರಳೆಣ್ಣೆ ಬಿಟ್ಟರು, ಬಾಣಂತಿಯ ನೆತ್ತಿಗೆ ಎಣ್ಣೆ ಇಟ್ಟ ಹಾಗೆ. ಕೊನೆಗೊಂದು ಬೆಳಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಇಂಜಿನ್ ಕದಲಿತು. ಅತ್ತೆ ಕೇಕೆ ಹಾಕಿದ್ದಕ್ಕೆ ದನಗಳು ಬೆದರಿದವು. ನಾನು ಮುಳಬಾಗಿಲು, ಮಾಲೂರಿನ ಗುಜರಿಗಳನ್ನೆಲ್ಲ ಜಾಲಾಡಿ ಸಾಮಾನು ತಂದೆ. ನಿಮಗೂ ಹೇಳಿರ್ತೀನಿ, ಹಳೆ ಸಾಮಾನು ಕೊಳ್ಳುವಾಗ ಬೇಡದ್ದಕ್ಕೆ ಮೊದಲು ಚೌಕಾಶಿ ಮಾಡಿ. ಬೇಕಾದ್ದನ್ನು ಹೊರಡುವಾಗ ಕೇಳಿ.

ಸ್ಟೀರಿಂಗ್ ಮಾತ್ರ ಅಮೆರಿಕದವರ ರೀತಿ ಎಡಗಡೆ ಇತ್ತು. "ಬಲಕ್ಕೆ ಹಾಕಿಸಿಬಿಡ್ತೀನಿ, ಎಲ್ಲರೂ ಹಾಗೇ ಮಾಡೋದು" ಅಂದೆ. ಅತ್ತೆ ನನ್ನನ್ನು ದಾರಿಯ ಇಳಿಜಾರಿಗೆ ಕರೆದೊಯ್ದು ನಿಲ್ಲಿಸಿದರು.

"ಇಳಿಯುವಾಗ ಹಳ್ಳ ಯಾವ ಕಡೆ?"

"ಎಡಕ್ಕೆ."

"ಮತ್ತೆ? ಬಲಗಡೆ ಕೂತು ಹಳ್ಳಾನ ನಿನ್ನ ಕಣ್ಣಲ್ಲಿ ನೋಡ್ಲಾ? ಎಡಗಡೆ ಕೂತ್ರೆ ಚಕ್ರ ಎಲ್ಲಿದೆ ಅಂತ ಬಗ್ಗಿ ನೋಡ್ತೀನಿ."

ಸ್ಟೀರಿಂಗನ್ನು ಇದ್ದ ಕಡೆಯೇ ಬಿಟ್ಟು ಗ್ರೀಸ್ ಹಚ್ಚಿದೆ.

ಕೊಯ್ಲಿನ ದಿನ ಸಾವುಕಾರ ಗುಡ್ಡದ ಬುಡದಲ್ಲೇ ಕಾದು ನಿಂತಿದ್ದ. ಜೀಪಿನ ತುಂಬ ಕಾಯಿ, ಹಿಂದಿನ ಟ್ರೇಲರ್ ತುಂಬ ಕಾಯಿ. ಅತ್ತೆ ಹೊರಕ್ಕೆ ಬಗ್ಗಿ, ಚಕ್ರ ನೋಡಿಕೊಂಡು ಹಳ್ಳದ ಅಂಚಲ್ಲೇ ಇಳಿಸಿದರು. ಮಂಕರಿ ಹಿಡಿದು ಹಿಂದೆ ಕೂತಿದ್ದ ನಾನು ಇದ್ದಬದ್ದ ದೇವರನ್ನೆಲ್ಲ ಕೂಗಿದೆ.

"ಬಾಯಿ ಮುಚ್ಚೋ! ಇಂಜಿನ್ ಸದ್ದು ಕೇಳ್ಬೇಕು!"

ಸಾವುಕಾರನ ಪಕ್ಕ ಗಾಡಿ ನಿಲ್ಲಿಸಿದರು. "ಶ್ರೀನಿವಾಸಪುರದ ಮಂಡಿಗೆ ಹೋಗ್ತಿದೀನಿ. ಬರ್ತೀರೇನು? ಕಾಯಿ ಮೇಲೆ ಜಾಗ ಇದೆ."

ಅವನು ಬಸ್ಸಿನಲ್ಲಿ ಬಂದ. ಎಲ್ಲರ ಜೊತೆ ನಿಂತು ಹರಾಜು ಕೂಗಿ, ಅದೇ ಕಾಯಿಯನ್ನು ಮಂಡಿಯ ಪೂರಾ ಬೆಲೆಗೆ ಕೊಂಡ.

ಆ ಸುದ್ದಿ ಹಬ್ಬಿ, ಎಂಬತ್ತರ ದಶಕದಲ್ಲಿ ಅಂಥ ಮಿಲಿಟರಿ ಗಾಡಿಗಳನ್ನು ಎಬ್ಬಿಸುವುದೇ ನನ್ನ ಕಸುಬಾಯಿತು. ಮಾಲೂರಿನ ಇಟ್ಟಿಗೆ ಗೂಡಿನವರೂ ಹುಡುಕಿಕೊಂಡು ಬಂದರು. ಅತ್ತೆ ಈಗಿಲ್ಲ. ಯಾರೇ ಹಳೆ ಗಾಡಿ ತಂದರೂ, ಬಾನೆಟ್ ಎತ್ತುವ ಮುಂಚೆ ನಾನು ಕೇಳುವುದು ಒಂದೇ: "ಇದು ಓಡಬೇಕಾದ ದಾರಿ ಯಾವುದು? ನಡೀರಿ, ಮೊದಲು ಅದನ್ನ ತೋರಿಸಿ."