ಪ್ರಾಂಪ್ಟರ್ ಗ್ವೆನ್ ಕೂಗಿ ಹೇಳಿದ ಮಾತು

ಗ್ವೆನ್ ಪ್ರಾಸರ್ ಹನ್ನೊಂದು ವರ್ಷ ಸೈಡ್‌ವಿಂಗ್‌ನಲ್ಲಿ ಕುಳಿತು, ಮಾತು ಮರೆತು ಕಣ್ಣುಕಣ್ಣು ಬಿಡುತ್ತಿದ್ದ ನಟರಿಗೆ ಮಾತು ಪಿಸುಗುಟ್ಟಿ ಅವರ ಮಾನ ಕಾಪಾಡಿದವಳು. ಅವರಲ್ಲಿ ಒಬ್ಬನಾದರೂ ಅವಳ ಹೆಸರು ನೆನಪಿಟ್ಟುಕೊಂಡಿದ್ದರೆ ಹೇಳಿ!

೧೯೦೮ರಲ್ಲಿ ಸ್ಕ್ರಾಂಟನ್ ಊರಿನ ಕಲ್ಲಿದ್ದಲು ಗಣಿ ಕುಸಿದು ಅವಳ ಗಂಡ ಎವನ್ ಸತ್ತ. ಮಣ್ಣು ಮಾಡಿ ಬಂದ ದಿನವೇ ಗಣಿಯ ಏಜೆಂಟ್ ಅಡುಗೆಗೆಂದು ಒಂದು ಹಂದಿತೊಡೆ ಹಿಡಿದುಕೊಂಡು ಸಂತಾಪ ಹೇಳಲು ಬಂದ. ಗ್ವೆನ್ ಅದನ್ನು ಬೀದಿಗೆಸೆದು, "ಅವನನ್ನ ಕೊಂದ ಕೈಯಿಂದ ನಂಗೆ ಊಟ ಬೇಡ" ಎಂದಳು. ಅವಳ ಮನೆಯಲ್ಲಿ ಬಾಡಿಗೆಗಿದ್ದ ನಾಟಕಕಾರನೊಬ್ಬ ಇದನ್ನು ಕೇಳಿಸಿಕೊಂಡು ನಾಟಕ ಬರೆದ. ಅವಳ ಮಾತನ್ನೇ ಕೊನೆಯ ಮಾತಾಗಿಟ್ಟ. ಆ ಮಾತನ್ನು ದಿನಾ ಕೇಳಬಹುದೆಂಬ ಒಂದೇ ಆಸೆಗೆ ಗ್ವೆನ್ ಪ್ರಾಂಪ್ಟರ್ ಆಗಿ ನಾಟಕ ಕಂಪನಿಯ ಜೊತೆ ಊರೂರು ಸುತ್ತಿದಳು.

ನಾಟಕಕಾರ ತೀರಿಕೊಂಡ ಮೇಲೆ ಹಕ್ಕೆಲ್ಲ ಸ್ಟ್ರೇಕ್ ಎಂಬ ಕಂಪನಿ ಮಾಲೀಕನ ಪಾಲಾಯಿತು. ಕೊರಿನ್ ಎಂಬ ಹೊಸ ನಟಿಯನ್ನು ವಿಧವೆಯ ಪಾತ್ರಕ್ಕೆ ಹಾಕಿಕೊಂಡು, ಸ್ಕ್ರಾಂಟನ್ನಿನಲ್ಲೇ ಅವನು ನಾಟಕವನ್ನು ಮತ್ತೆ ರಂಗಕ್ಕೆ ತಂದ. ತಾಲೀಮಿನಲ್ಲಿ ಕೊನೆಯ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಆಟ ನೆಲಕಚ್ಚುತ್ತದೆಂಬ ಭಯ ರಂಗದವರಿಗೆಲ್ಲ ಇದ್ದದ್ದೇ. ಅಲ್ಲಿಗೆ ಬಂದಾಗಲೆಲ್ಲ ಕೊರಿನ್ ಸುಮ್ಮನೆ ತಲೆ ತಗ್ಗಿಸುತ್ತಿದ್ದಳು. ಗ್ವೆನ್ ಕೂಡ ಅದನ್ನು ಭಕ್ತಿಯಿಂದ ಒಪ್ಪಿಕೊಂಡಿದ್ದಳು. ಆ ಖದೀಮ ಸ್ಟ್ರೇಕ್‌ಗೆ ಬೇಕಾಗಿದ್ದದ್ದೂ ಅದೇ.

ಶನಿವಾರ ಮಧ್ಯಾಹ್ನ ಮೊದಲ ಆಟ. ಮುಂದಿನ ಸಾಲಿನಲ್ಲಿ ಗಣಿ ಮಾಲೀಕರು, ಮೇಲೆ ಗ್ಯಾಲರಿಯಲ್ಲಿ ಗಣಿ ವಿಧವೆಯರು. ಕೊನೆಗೆ ಕೊರಿನ್ ಹಂದಿತೊಡೆಯನ್ನು ಎದೆಗವಚಿಕೊಂಡು ಹೇಳಿದಳು: "ಸ್ವಾಮಿ, ನಿಮ್ಮ ಉಪಕಾರ ಮರೆಯಲಾರೆ."

ಗ್ವೆನ್‌ಗೆ ಮೈಯೆಲ್ಲ ಉರಿದುಹೋಯಿತು. ರಂಗದ ಮೇಲೆ ನುಗ್ಗಿ ಗ್ಯಾಲರಿಗೆ ಕೇಳುವಂತೆ, "ಅವನನ್ನ ಕೊಂದ ಕೈಯಿಂದ ನಂಗೆ ಊಟ ಬೇಡ!" ಎಂದು ಕೂಗಿದಳು. ದಡಕ್ಕನೆ ಪರದೆ ಬಿತ್ತು.

ಸ್ಟ್ರೇಕ್ ಓಡಿಬಂದ. "ಹುಚ್ಚು ಹಿಡೀತೇನೇ ಮುದುಕಿ? ಮುಂದೆ ಕೂತಿರೋರು ಯಾರು ಗೊತ್ತಾ?"

"ಗೊತ್ತಿದ್ದೇ ಕೂಗಿದ್ದು! ಆ ಮಾತು ಕಿತ್ತುಹಾಕೋಕೆ ನೀನ್ಯಾರಯ್ಯ?"

"ನಾಟಕ ನಂದು. ಕೊಂಡುಕೊಂಡಿದ್ದೀನಿ."

"ಮಾತು ನಂದು! ಎವನ್‌ನ ಮಣ್ಣು ಮಾಡಿ ಬಂದ ದಿನ ಈ ಬಾಯಿಂದ ಬಂದಿದ್ದು!"

"ಹಾಗಂತ ಎಲ್ಲಿ ಬರ್ದಿದೆ? ತೋರ್ಸು."

ಎಲ್ಲೂ ಬರೆದಿರಲಿಲ್ಲ. ಅವಳನ್ನು ಹಿಂಬಾಗಿಲಿನಿಂದ ಹೊರಗೆ ಹಾಕಿದರು.

ಸೋಮವಾರದ ಪತ್ರಿಕೆಯಲ್ಲಿ ಬಂತು: ಯಾರೋ ಮುದುಕಿ ಕಿರುಚಿ ಗಲಾಟೆ ಮಾಡಿದರೂ ಹೊಸ ಮುಕ್ತಾಯ ಹೃದಯಸ್ಪರ್ಶಿಯಾಗಿತ್ತು, ಗ್ಯಾಲರಿಯ ವಿಧವೆಯರೆಲ್ಲ ಕಣ್ಣೀರು ಸುರಿಸಿದರು. ಯಾಕೆ ಅತ್ತಿರೆಂದು ಅದನ್ನು ಬರೆದ ಮಹಾಶಯ ಮೆಟ್ಟಿಲು ಹತ್ತಿ ಒಬ್ಬಳನ್ನಾದರೂ ಕೇಳಿರಲಿಲ್ಲ.