ಎತ್ತಿಗೆ ರಜೆ ಇದ್ದ ಸೋಮವಾರ

ಹಾನಗಲ್ಲಿನ ಕಾಲೇಜೊಂದರಲ್ಲಿ ನಾನು ತತ್ವಶಾಸ್ತ್ರ ಕಲಿಸುತ್ತೇನೆ. ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ ಎಂದು ಬರೆದರೆ ಅರ್ಧ ಪಾಠ ಮುಗಿದಂತೆ. ಪೂರ್ವದವರು ಧರ್ಮ ಎಂದರು, ದಯೆ ಎಂದರು, ಪಶುಪಕ್ಷಿಯೂ ನಮ್ಮ ಬಳಗ ಎಂದರು. ಪಶ್ಚಿಮದವರು ಎಲ್ಲವನ್ನೂ ವಿಚಾರದಿಂದ ಅಳೆದು, ಹೆಚ್ಚು ಜನರಿಗೆ ಒಳಿತಾದರೆ ಅದೇ ಸರಿ ಎಂದರು. ಮಕ್ಕಳು ಬರೆದುಕೊಳ್ಳುತ್ತಾರೆ, ಪಾಸಾಗುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಬಲಗಡೆಯವರ ಮೇಲೆಯೇ ಪ್ರೀತಿ ಜಾಸ್ತಿ. ಅವ್ವನ ಜೊತೆ ವಾದ ಮಾಡಲು ಅವರೇ ಒದಗುತ್ತಿದ್ದರು.

ಅವ್ವ ಇರುವುದು ತಿಳವಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ. ಅವಳಿಗೆ ಇರುವುದು ಒಂದೇ ಎತ್ತು. ಪಕ್ಕದ ಹೊಲದ ಮುಸ್ಲಿಂ ಕಾಕಾನ ಹತ್ತಿರವೂ ಒಂದೇ. ಎರಡನ್ನೂ ಜೋಡಿ ಮಾಡಿ ಎರಡೂ ಹೊಲ ಬಿತ್ತುವುದು ಅಪ್ಪನ ಕಾಲದಿಂದ ಬಂದದ್ದು. ನಾವು ದೇವರ ವಾರ ಹಿಡಿದವರು, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವವರಲ್ಲ. ಕಾಕಾ ಶುಕ್ರವಾರ ನಮಾಜಿನ ಹೊತ್ತಿಗೆ ಎತ್ತು ಬಿಚ್ಚುತ್ತಾರೆ. ನಮಗಿಂತ ಈ ಎತ್ತುಗಳಿಗೇ ರಜೆ ಹೆಚ್ಚು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಹೋದ ಮುಂಗಾರಿನಲ್ಲಿ ರಜೆಗೆಂದು ಊರಿಗೆ ಹೋಗಿದ್ದೆ. ಭಾನುವಾರ ನಮ್ಮ ಗೋವಿನಜೋಳದ ಬಿತ್ತನೆ ಮುಗಿಯಿತು. ಕಾಕಾನ ಎರಡೆಕರೆ ಹದವಾಗಿ ಕಾದಿತ್ತು. ಸೋಮವಾರ ಸಂಜೆಯಿಂದ ಜೋರು ಮಳೆ ಎಂದು ಮೊಬೈಲು ಹೇಳುತ್ತಿತ್ತು. ಅವರದು ತಗ್ಗಿನ ಹೊಲ. ಒಮ್ಮೆ ನೆನೆದರೆ ಕೆಸರಾಗಿ ಹದಿನೈದು ದಿನ ಕಾಲಿಡುವಂತಿಲ್ಲ. ಹಿಂದಿನ ವರ್ಷ ಹೀಗೇ ತಡವಾಗಿ ಬಿತ್ತಿ, ಅರ್ಧ ತೆನೆಯಲ್ಲಿ ಕಾಳೇ ಕಟ್ಟಿರಲಿಲ್ಲ. ಟ್ರ್ಯಾಕ್ಟರುಗಳೆಲ್ಲ ಮೊದಲೇ ಹೇಳಿಟ್ಟವರ ಹೊಲದಲ್ಲಿದ್ದವು.

ಬೆಳಿಗ್ಗೆ ಕಾಕಾ ನಮ್ಮ ಅಂಗಳಕ್ಕೆ ಬಂದು ಸುಮ್ಮನೆ ಮುಗಿಲು ನೋಡುತ್ತಾ ನಿಂತರು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಇವತ್ತೊಂದಿನ ಎತ್ತು ಕೊಡು. ನಂಬಿಕಿ ನಿಂದು, ಲುಕ್ಸಾನ ಕಾಕಾಂದು. ಇದ್ಯಾವ ನ್ಯಾಯ?"

ಅವ್ವನಿಗಿಂತ ಮೊದಲು ಕಾಕಾನೇ ನನಗೆ ಅಂದರು, "ಬ್ಯಾಡ್ರಿ ಅಕ್ಕೋರ. ನಿಮ್ಮ ಎತ್ತು ನಿಂತ ದಿನ ನಮ್ಮದೂ ನಿಲ್ಲತೈತಿ. ಶುಕ್ರವಾರ ನಾ ನೊಗ ಬಿಚ್ಚಿದಾಗ ನಿಮ್ಮವ್ವ ಯಾಕಂತ ಒಂದಿನಾನೂ ಕೇಳಿಲ್ಲ."

ಇಬ್ಬರೂ ಮರ್ಯಾದೆ ಕೊಟ್ಟುಕೊಳ್ಳುತ್ತಾ ಹಾಳಾಗಿ ಹೋಗುತ್ತಾರೆ ಎಂದು ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ಅವ್ವ ಗೂಟದ ಮೇಲಿನ ಹಗ್ಗ ತೆಗೆದು ಹೆಗಲಿಗೆ ಹಾಕಿಕೊಂಡಳು. ಓಣಿಯಲ್ಲಿ ನಿಂತು ಕೂಗಿ ಒಂಬತ್ತು ಹೆಣ್ಣುಮಕ್ಕಳನ್ನು ಸೇರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎತ್ತಿಗೆ ರಜಾ ಐತಿ. ನಿನಗ ಯಾರು ಕೊಟ್ಟಾರ? ಏಳು ಮ್ಯಾಲ."

ಕಾಕಾನ ಹೊಲದಲ್ಲಿ ಹಗ್ಗ ಎಳೆದು ಹಿಡಿದು, ಅದರ ಗುಂಟ ಕಳೆ ಕೀಳುವ ಕುರ್ಚಿಗಿಯಿಂದ ಸಣ್ಣ ಗುಣಿ ತೋಡಿ, ಎರಡೆರಡು ಕಾಳು ಊರುವುದು. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. ಬಾಯಿ ಮಾತ್ರ ಬಿದ್ದಿರಲಿಲ್ಲ.

"ಇಷ್ಟು ಮಂದಿ ಸೊಂಟ ಮುರಕೊಳ್ಳೋದಕ್ಕಿಂತ ಎರಡು ಎತ್ತು ದುಡಿದಿದ್ರ ಏನಾಗತಿತ್ತು?"

"ವಾರ ಹಿಡದಾಕಿ ನಾನು," ಅಂದಳು ಅವ್ವ, ಕಾಳು ಊರುತ್ತಲೇ. "ಅದರ ಭಾರ ನಾ ಹೊರಬೇಕು. ಕಾಕಾ ಯಾಕ ಹೊರಬೇಕು?"

"ಮತ್ತ ಇವರೆಲ್ಲಾ ಹೊರಾಕತ್ತಾರಲ್ಲ?"

"ಇವರಿಗೆ ನಾಳಿಂದ ನಾ ಮುಯ್ಯಾಳು ಹೋಗ್ತೇನಿ."

ಮುಯ್ಯಾಳು ಎಂದರೆ ಇವತ್ತು ನನ್ನ ಕೆಲಸಕ್ಕೆ ಬಂದವರ ಹೊಲದಲ್ಲಿ ನಾಳೆ ನಾನು ದುಡಿಯುವುದು. ಒಂಬತ್ತು ಜನಕ್ಕೆ ಒಂಬತ್ತು ದಿನ. ಅವ್ವನಿಗೆ ಆಗಲೇ ಎಪ್ಪತ್ತರ ಹತ್ತಿರ. ಇಷ್ಟು ವರ್ಷ ಅವಳದು ಬರೀ ಕಣ್ಣುಮುಚ್ಚಿದ ನಂಬಿಕೆ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹೊತ್ತು ಮುಳುಗುವಾಗ ಮಳೆ ಬಂದೇಬಿಟ್ಟಿತು. ಬದುವಿನ ಬದಿಯ ಒಂದು ಪಟ್ಟಿ ಊರದೆ ಉಳಿಯಿತು. "ಅದಿರಲಿ ಬಿಡ್ರಿ, ಎತ್ತಿಗೆ ಹುಲ್ಲಾಗತೈತಿ," ಎಂದು ಕಾಕಾ ತೋಯುತ್ತಲೇ ನಕ್ಕರು.

ಕಾಲೇಜಿನಲ್ಲಿ ಈಗಲೂ ಹಲಗೆಯ ಮೇಲೆ ಗೆರೆ ಎಳೆಯುತ್ತೇನೆ, ಪರೀಕ್ಷೆಗೆ ಅದು ಬೇಕು. ಬದುಕಿನ ಗುರಿ ಏನು ಎಂಬ ಪಾಠ ಬಂದಾಗ ಮಾತ್ರ ಮೊದಲಿನಷ್ಟು ಜೋರು ದನಿ ಬರುವುದಿಲ್ಲ.

ಆ ಸೋಮವಾರದ ಮರುದಿನವೇ ಅವ್ವ ಮುಯ್ಯಾಳು ಹೊರಟಿದ್ದಳು. ಆರು ದಿನ ಹೋದಳು. ಏಳನೆಯ ದಿನ ನಾನೇ ಮೊದಲು ಎದ್ದು, ಅವಳ ಕುರ್ಚಿಗಿ ಕೈಗೆ ತೆಗೆದುಕೊಂಡು ಬಾಗಿಲಲ್ಲಿ ನಿಂತೆ. ವಾದ ಮಾಡುತ್ತಾಳೆಂದುಕೊಂಡಿದ್ದೆ. ಅವ್ವ ನನಗೆ ರೊಟ್ಟಿ ಕಟ್ಟಿಕೊಟ್ಟಳು.